ಮಾವಿನ ಫೋಟೋ ಎಲ್ಲಿಡೋದು?

ಶ್ರೀನಿವಾಸಪುರದ ಮಾವಿನ ಮಂಡಿಗೆ ನೀವೊಂದು ಕಂಪ್ಯೂಟರ್ ಆಪ್ ಬರೀತಿದ್ದೀರಿ ಅಂದ್ಕೊಳ್ಳಿ. ಬಾದಾಮಿ, ತೋತಾಪುರಿ, ರಸಪುರಿ, ನೀಲಂ… ಒಂದೊಂದು ಲಾಟ್‌ಗೂ ಒಂದು ಫೋಟೋ. ಪರದೆ ಮೇಲೊಂದು ಬಟನ್: ‘ಫೋಟೋ ಉಳಿಸಿ’.

ಬಟನ್ ತಾನಾಗಿ ಏನೂ ಮಾಡಲ್ಲ. ಒತ್ತಿದಾಗ ಯಾವ ಫಂಕ್ಷನ್ ಓಡಬೇಕು ಅಂತ ನೀವೇ ಹೇಳಿರಬೇಕು. ಪೈಥಾನ್‌ನಲ್ಲಿ ಪರದೆ, ಬಟನ್ ಕಟ್ಟೋ ಟಿಕಿಂಟರ್‌ನಲ್ಲಿ ಅದನ್ನ ‘ಕಮಾಂಡ್’ ಅನ್ನೋ ಜಾಗದಲ್ಲಿ ಕೊಡ್ತೀವಿ.

ಈಗ ಫೋಟೋ. ಒಂದೊಂದು 4 ಎಂಬಿ ಇದ್ರೆ, 500 ಲಾಟ್‌ಗೆ 2 ಜಿಬಿ! ಎಲ್ಲಾನೂ ಡೇಟಾಬೇಸ್‌ಗೇ ತುಂಬಿದ್ರೆ ಬ್ಯಾಕಪ್ ತೆಗೆಯೋಷ್ಟರಲ್ಲಿ ಸಾಕಾಗುತ್ತೆ.

ಮಂಡಿಯಲ್ಲಿ ಏನ್ಮಾಡ್ತಾರೆ? ಹಣ್ಣು ಗೋಡೌನ್‌ನಲ್ಲಿ, ಲೆಕ್ಕದ ಪುಸ್ತಕದಲ್ಲಿ ಬರೀ ಲಾಟ್ ನಂಬರ್. ಇಲ್ಲೂ ಅಷ್ಟೇ: ಫೋಟೋ ಫೋಲ್ಡರ್‌ನಲ್ಲಿ, ಡೇಟಾಬೇಸ್‌ನಲ್ಲಿ ಅದರ ವಿಳಾಸ.

ಆದ್ರೆ ಪಟ್ಟಿಯಲ್ಲಿ ಕಾಣೋ ಪುಟಾಣಿ ಚಿತ್ರ, ಸುಮಾರು 100 ಕೆಬಿ ಒಳಗಿದ್ರೆ, ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್ ಒಳಗೇ ಇಡಬಹುದು. ಅಷ್ಟು ಚಿಕ್ಕದಾದ್ರೆ ಬೇರೆ ಫೈಲ್‌ಗಿಂತ ಬೇಗ ಓದುತ್ತೆ ಅಂತ ಎಸ್‌ಕ್ಯೂಲೈಟ್ ಮಾಡಿದವರೇ ಅಳೆದು ನೋಡಿದ್ದಾರೆ.

ಕೊನೆಗೊಂದು ಎಚ್ಚರಿಕೆ. ವಿಳಾಸವನ್ನ ‘ಡಿ ಡ್ರೈವ್’ನಿಂದ ಬರೀಬೇಡಿ, ಆಪ್ ಇರೋ ಫೋಲ್ಡರ್‌ನಿಂದ ಬರೀರಿ. ಇಲ್ಲಾಂದ್ರೆ ಮುಳಬಾಗಿಲಿನ ಇನ್ನೊಂದು ಕಂಪ್ಯೂಟರ್‌ಗೆ ಕಾಪಿ ಮಾಡಿದ ದಿನ ಮಾವೆಲ್ಲಾ ಮಾಯ, ಖಾಲಿ ಚೌಕ ಮಾತ್ರ!