ಅಂಗಳದ ಈಜುಕೊಳಕ್ಕೆ ಬಿಸಿಲಿನ ಪೈಪು

ಗುಂಡಿ ತೋಡುವ ಕೆಲಸವಿಲ್ಲ, ಟೈಲ್ಸ್ ಹಾಕುವ ಖರ್ಚಿಲ್ಲ. ಅಂಗಳದಲ್ಲಿ ಬಿಡಿಸಿ, ಸುತ್ತ ಕಬ್ಬಿಣದ ಸರಳು ಜೋಡಿಸಿ, ಬಾವಿಯ ನೀರು ಬಿಟ್ಟರೆ ಈಜುಕೊಳ ರೆಡಿ. ನೆಲದ ಮೇಲೆಯೇ ನಿಲ್ಲುವ ಈ ಪ್ಲಾಸ್ಟಿಕ್ ಕೊಳಗಳು ಮಕ್ಕಳ ರಜೆಗೆಂದು ಮನೆಗೆ ಬರುತ್ತವೆ. ಕರಾವಳಿಯಲ್ಲಿ ಅದಕ್ಕೆ ಬಿಸಿ ಮಾಡುವ ಗೊಡವೆ ಇಲ್ಲ. ಏಪ್ರಿಲ್ ತಿಂಗಳಲ್ಲಿ ಮಂಗಳೂರಿನ ಅಂಗಳದಲ್ಲಿ ಕೊಳ ಇಟ್ಟವರಿಗೆ ಬೇಕಾದದ್ದು ಮೇಲೊಂದು ನೆರಳು, ಅಷ್ಟೇ. ಆದರೆ ಘಟ್ಟ ಹತ್ತಿದರೆ ಲೆಕ್ಕ ಬೇರೆ. ಮಡಿಕೇರಿ, ಮೂಡಿಗೆರೆ, ಕೊಟ್ಟಿಗೆಹಾರ, ಸಕಲೇಶಪುರದ ಕಡೆ ನಮ್ಮವರ ಮನೆಗಳಲ್ಲಿ ಡಿಸೆಂಬರಿನ ಕೊಳ ಅಂದರೆ ಮೊದಲ ದಿನ ಗಲಾಟೆ, ಎರಡನೇ ದಿನ ನಡುಕ. ಮೂರನೇ ದಿನ ಉಮ್ಮ ಹೇಳುವ ಮೊದಲೇ ಮಕ್ಕಳು ಮೇಲೆ ಬಂದಿರುತ್ತಾರೆ. ಮರಳುಗಾಡಾದರೂ ರಿಯಾದಿನ ಜನವರಿ ರಾತ್ರಿ ಏನೆಂದು ಅಲ್ಲಿದ್ದು ಬಂದವರಿಗೆ ಗೊತ್ತುಂಟು.

ಆಗ ಬರುವ ಪ್ರಶ್ನೆ: ತಾರಸಿ ಮೇಲೆ ಸೋಲಾರ್ ಹೀಟರ್ ಉಂಟಲ್ಲ, ಅದರ ಪೈಪನ್ನೇ ಕೊಳಕ್ಕೆ ಕೊಟ್ಟರೆ ಆಗುವುದಿಲ್ಲವಾ?

ಆಗುವುದಿಲ್ಲ. ಲೆಕ್ಕ ಹಾಕಿ ನೋಡೋಣ. 12 ಅಡಿ ಅಗಲದ ಗುಂಡು ಕೊಳದಲ್ಲಿ ಎರಡು ಅಡಿ ನೀರು ನಿಲ್ಲಿಸಿದರೆ ಸುಮಾರು 6,500 ಲೀಟರ್. ಸ್ನಾನದ ಹೀಟರಿನಲ್ಲಿ ಇರುವುದು 200 ಲೀಟರ್. 60 ಡಿಗ್ರಿಯ ಆ ನೀರನ್ನು ಪೂರ್ತಿ ತಂದು 22 ಡಿಗ್ರಿಯ ಕೊಳಕ್ಕೆ ಸುರಿದರೂ ಕೊಳ ಏರುವುದು ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಮನೆಯವರಿಗೆ ಮರುದಿನ ಸ್ನಾನಕ್ಕೆ ಬಿಸಿನೀರಿಲ್ಲ, ಮಕ್ಕಳಿಗೆ ಕೊಳವೂ ಬಿಸಿ ಇಲ್ಲ. ಕೊಳದ ನೀರನ್ನೇ ಆ ಹೀಟರಿನೊಳಗೆ ಓಡಿಸುವುದು ಇನ್ನೂ ಕೆಟ್ಟದು. ಕ್ಲೋರಿನ್ ಸೇರಿದ ನೀರು ಒಳಗಿನ ಲೋಹವನ್ನು ತಿನ್ನುತ್ತದೆ. ಬಿಸಿಲಿಗೆ ಒಣಗಿ ಕಾದ ಗಾಜಿನ ಟ್ಯೂಬಿಗೆ ತಣ್ಣೀರು ನುಗ್ಗಿದರೆ ಟ್ಯೂಬು ಒಡೆಯಬಹುದು. ಎಲ್ಲಕ್ಕಿಂತ ಮುಖ್ಯ, ಮಕ್ಕಳು ಆಡಿದ ಕೊಳದ ನೀರು ಹಿಂದಕ್ಕೆ ಹರಿದು ಅಡುಗೆಮನೆಯ ನಲ್ಲಿಗೆ ಸೇರುವ ದಾರಿ ತೆರೆದ ಹಾಗಾಯಿತು.

ಕೊಳದ ಹೀಟರ್ ಬೇರೆ ಜಾತಿ. ಅದಕ್ಕೆ ಗಾಜಿಲ್ಲ, ಟ್ಯಾಂಕಿಲ್ಲ. ಕಪ್ಪು ಪ್ಲಾಸ್ಟಿಕ್ ಅಥವಾ ರಬ್ಬರಿನ ಸಣ್ಣ ಸಣ್ಣ ಕೊಳವೆಗಳನ್ನು ಚಾಪೆಯ ಹಾಗೆ ಜೋಡಿಸಿರುತ್ತಾರೆ. ಎರಡು ತುದಿಯಲ್ಲಿ ಎರಡು ದಪ್ಪ ಪೈಪು. ಕೊಳವೇ ಅದರ ಟ್ಯಾಂಕು. ಅಮೆರಿಕ, ಆಸ್ಟ್ರೇಲಿಯಾದ ಹಿತ್ತಿಲುಗಳಲ್ಲಿ ಇದು ಹಳೆಯ ಪರಿಚಯ. ಕೊಳದ ಮೇಲ್ಮೈ ಎಷ್ಟೋ ಅದರ ಅರ್ಧದಿಂದ ಪೂರ್ತಿಯಷ್ಟು ಚಾಪೆ ಬೇಕು ಎಂಬುದು ಅಮೆರಿಕದ ಇಂಧನ ಇಲಾಖೆ ಹೇಳುವ ಅಂದಾಜು. ನಮ್ಮ 12 ಅಡಿಯ ಕೊಳಕ್ಕೆ ಕಡಿಮೆಯೆಂದರೂ ಐದು ಚದರ ಮೀಟರ್ ಆಯಿತು.

ಅಡಿಕೆ ತೋಟದವರು ಇಲ್ಲಿ ನಗುತ್ತಾರೆ, ‘ಡ್ರಿಪ್ಪಿನ ಕಪ್ಪು ಪೈಪು ಶೆಡ್ಡಿನಲ್ಲಿ ಬಿದ್ದಿದೆಯಲ್ಲ ಮಾರಾಯ್ರೆ’ ಅಂತ. ಬಳಸಬಹುದು. ಆದರೆ 16 ಮಿಲಿಮೀಟರ್ ಪೈಪಿನ 100 ಮೀಟರ್ ಸುರುಳಿ ಬಿಡಿಸಿದರೂ ಬಿಸಿಲಿಗೆ ತಾಗುವುದು 1.6 ಚದರ ಮೀಟರ್ ಮಾತ್ರ. ಐದು ಚದರ ಮೀಟರಿಗೆ ಮೂರು ಸುರುಳಿಗಿಂತ ಹೆಚ್ಚು ಬೇಕು. ಅದನ್ನು ಒಂದರ ಬಾಲಕ್ಕೆ ಒಂದು ಕಟ್ಟಿದರೆ ಸಣ್ಣ ಪಂಪಿನ ಉಸಿರು ಅಲ್ಲಿಗೇ ನಿಂತಿತು. ತುಂಡು ತುಂಡು ಮಾಡಿ, ದಪ್ಪ ಪೈಪಿನಿಂದ ಎಲ್ಲಕ್ಕೂ ಒಟ್ಟಿಗೆ ನೀರು ಹೋಗುವ ಹಾಗೆ ಸಮಾನಾಂತರವಾಗಿ ಜೋಡಿಸಬೇಕು. ಅಷ್ಟು ಜಾಯಿಂಟುಗಳ ತಲೆನೋವು ಬೇಡ ಎನ್ನುವವರು ರೆಡಿ ಚಾಪೆ ತೆಗೆದುಕೊಳ್ಳುವುದೇ ವಾಸಿ.

ಈಗ ಪೈಪಿನ ದಾರಿ. ಕೊಳದಿಂದ ಪಂಪು, ಪಂಪಿನಿಂದ ಫಿಲ್ಟರ್, ಫಿಲ್ಟರ್ ಆದ ಮೇಲೆಯೇ ಸೋಲಾರ್ ಚಾಪೆ, ಅಲ್ಲಿಂದ ವಾಪಸ್ ಕೊಳಕ್ಕೆ. ಫಿಲ್ಟರಿನ ಮೊದಲು ಕೊಟ್ಟರೆ ಎಲೆ, ಕೂದಲು, ಮಣ್ಣು ಎಲ್ಲ ಹೋಗಿ ಸಣ್ಣ ಕೊಳವೆಯಲ್ಲಿ ಕೂರುತ್ತದೆ. ಫಿಲ್ಟರ್ ಮತ್ತು ಚಾಪೆಯ ನಡುವೆ ಮೂರು ದಾರಿಯ ವಾಲ್ವ್ ಹಾಕಿ. ಬಿಸಿಲಿದ್ದಾಗ ನೀರು ಚಾಪೆಗೆ, ಇಲ್ಲದಾಗ ನೇರ ಕೊಳಕ್ಕೆ. ಆ ವಾಲ್ವ್ ಆದ ಕೂಡಲೇ ಒಂದು ನಾನ್ ರಿಟರ್ನ್ ವಾಲ್ವ್. ಚಾಪೆ ಎತ್ತರದಲ್ಲಿದ್ದರೆ ಪಂಪು ನಿಂತಾಗ ನೀರು ಹಿಂದಕ್ಕೆ ಬಂದು ಫಿಲ್ಟರಿನ ಕೊಳೆಯನ್ನು ಕೊಳಕ್ಕೇ ತಳ್ಳದಿರಲು ಇದು ಬೇಕು. ಚಾಪೆಯ ಕೆಳಗಿನ ಮೂಲೆಯಲ್ಲಿ ನೀರು ಒಳಗೆ, ಅದರ ಎದುರಿನ ಮೇಲಿನ ಮೂಲೆಯಲ್ಲಿ ಹೊರಗೆ. ಹಾಗಿದ್ದರೆ ಗಾಳಿ ತಾನಾಗಿ ಹೊರಗೆ ಹೋಗುತ್ತದೆ, ಎಲ್ಲ ಕೊಳವೆಗೂ ನೀರು ಸಮನಾಗಿ ಹಂಚಿಹೋಗುತ್ತದೆ. ಕ್ಲೋರಿನ್ ಮಾತ್ರೆಯ ಡಬ್ಬ ಪೈಪಿನ ದಾರಿಯಲ್ಲಿದ್ದರೆ ಅದು ಎಲ್ಲದರ ಕೊನೆಗೆ.

ನೀರಿಲ್ಲದೆ ಬಿಸಿಲಿಗೆ ಬಿದ್ದ ಚಾಪೆ ವಿಪರೀತ ಕಾಯುತ್ತದೆ. ಅದಕ್ಕೆ ತಾಗುವ ಮೊದಲ ಒಂದೆರಡು ಅಡಿಗೆ ಮಾಮೂಲಿ ಪಿವಿಸಿ ಬೇಡ, ಮೆತ್ತಗಾಗಿ ಜಾಯಿಂಟು ಬಿಡುತ್ತದೆ. ಸಿಪಿವಿಸಿ ಅಥವಾ ಬಿಸಿ ತಾಳುವ ರಬ್ಬರ್ ಹೋಸು ಹಾಕಿಸಿ. ಈ ಕೊಳಗಳ ಹೋಸು ಸಾಮಾನ್ಯವಾಗಿ 32 ಅಥವಾ 38 ಮಿಲಿಮೀಟರಿನದು. ಅಳತೆ ನೋಡದೆ ಅಂಗಡಿಗೆ ಹೋದರೆ ಎರಡು ಸಲ ಹೋಗಬೇಕಾಗುತ್ತದೆ.

ಕೆಲಸ ಮುಗಿದ ಮೇಲೆ ಎಲ್ಲರೂ ಮಾಡುವುದು ಒಂದೇ, ವಾಪಸ್ ಬರುವ ನೀರಿಗೆ ಕೈ ಒಡ್ಡುವುದು. ‘ಎಂತ ಇದು, ಬಿಸಿಯೇ ಇಲ್ಲ!’ ಪ್ಲಂಬರ್ ಕೂಡಲೇ ವಾಲ್ವ್ ತಿರುಗಿಸಿ ನೀರು ಕಡಿಮೆ ಮಾಡುತ್ತಾನೆ. ನಿಧಾನ ಬಂದರೆ ನೀರು ಸುಡುತ್ತದೆ, ಮನೆಯವರಿಗೂ ಖುಷಿ. ಕೆಲಸ ಕೆಡುವುದು ಅಲ್ಲಿಯೇ. ಸ್ನಾನದ ಹೀಟರಿನ ಬುದ್ಧಿಯನ್ನು ಇಲ್ಲಿಗೆ ತರಬಾರದು. ನೀರು ನಿಧಾನವಾದಷ್ಟು ಚಾಪೆ ಕಾಯುತ್ತದೆ, ಕಾದಷ್ಟೂ ಆ ಬಿಸಿ ಗಾಳಿಗೆ ಹೋಗುತ್ತದೆ, ಯಾಕೆಂದರೆ ಮೇಲೆ ಗಾಜಿನ ಮುಚ್ಚಳ ಇಲ್ಲ. ಐದು ಚದರ ಮೀಟರಿಗೆ ನಿಮಿಷಕ್ಕೆ 20 ಲೀಟರಿನಷ್ಟು ಓಡಬೇಕು. ಹಾಗೆ ಓಡಿದರೆ ಒಳ್ಳೆಯ ಬಿಸಿಲಿನಲ್ಲೂ ವಾಪಸ್ ಬರುವ ನೀರು ಕೊಳಕ್ಕಿಂತ ಎರಡು ಮೂರು ಡಿಗ್ರಿ ಮಾತ್ರ ಬಿಸಿ, ಕೈಗೆ ಗೊತ್ತೇ ಆಗುವುದಿಲ್ಲ. ಕೈಯನ್ನು ನಂಬಬೇಡಿ, ಥರ್ಮಾಮೀಟರ್ ಇಡಿ. ಒಂದು ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. 20 ಲೀಟರಿನದು ಒಂದು ನಿಮಿಷಕ್ಕೆ ತುಂಬಿದರೆ ಸರಿ.

ಈ ಕೊಳದ ನೀರು ಒಂದು ಡಿಗ್ರಿ ಏರಲು ಏಳೂವರೆ ಯುನಿಟ್ ಶಾಖ ಬೇಕು. ಐದು ಚದರ ಮೀಟರ್ ಚಾಪೆ ಬಿಸಿಲಿನ ದಿನ ಕೊಡುವುದು 17-18 ಯುನಿಟ್, ಅಂದರೆ ಎರಡು ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಈಗ ರಾತ್ರಿಯ ಕಥೆ ಕೇಳಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯುನಿಟ್ ಶಾಖ ಬೇಕು, ಅದರ ಬಹುಪಾಲು ಹೋಗುವುದು ಕೊಳದಿಂದಲೇ. ತೆರೆದ ಕೊಳದಿಂದ ಮೂರು ಮಿಲಿಮೀಟರ್ ನೀರು ಇಳಿಯಿತೆಂದರೆ 30 ಲೀಟರ್, 20 ಯುನಿಟ್. ಹಗಲು ಗಳಿಸಿದ್ದಕ್ಕಿಂತ ಜಾಸ್ತಿ! ಹಾಗಾಗಿ ಚಾಪೆಗೆ ದುಡ್ಡು ಹಾಕುವ ಮೊದಲು ಕೊಳಕ್ಕೆ ಹೊದಿಕೆ ತನ್ನಿ. ಗುಳ್ಳೆಗಳಿರುವ ಪ್ಲಾಸ್ಟಿಕ್ ಶೀಟನ್ನು ನೀರಿಗೆ ತಾಗಿಸಿ ಹಾಸಬೇಕು. ಹೊದಿಕೆ ಒಂದೇ ಹಾಕಿ ಚಾಪೆಯೇ ಬೇಡ ಅಂದುಕೊಂಡರೂ ನನ್ನ ಪ್ರಕಾರ ತಪ್ಪಿಲ್ಲ. ಆದರೆ ಮಗುವೊಂದು ಆ ಹೊದಿಕೆಯನ್ನು ನೆಲವೆಂದು ಭಾವಿಸಿ ಕಾಲಿಟ್ಟರೆ ಅದರಡಿ ಸಿಕ್ಕಿಕೊಳ್ಳುತ್ತದೆ. ಸಂಜೆ ಏಣಿ ತೆಗೆದು ಒಳಗಿಡಿ. ಆಡುವಾಗ ಹೊದಿಕೆ ಅರ್ಧ ಸರಿಸುವುದಲ್ಲ, ಪೂರ್ತಿ ತೆಗೆಯಬೇಕು.

ಪಂಪು ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಓಡಿದರೆ ಸಾಕು. ರಾತ್ರಿಯೂ ಚಾಪೆಯಲ್ಲಿ ನೀರು ಓಡಿಸಿದರೆ ಕೊಳ ತಣ್ಣಗಾಗುತ್ತದೆ. ಇದೇ ಉಪಾಯವನ್ನು ಗಲ್ಫಿನ ಬೇಸಗೆಯಲ್ಲಿ ಉಲ್ಟಾ ಬಳಸಬಹುದು, ಹಗಲು ಬಂದ್, ರಾತ್ರಿ ಓಟ.

ಇನ್ನು ಜಾಗ. ಕೊಳದ ಜೊತೆ ಬರುವ ಪುಟ್ಟ ಪಂಪಿಗೆ ನೀರನ್ನು ಮಾಳಿಗೆಗೆ ಎತ್ತುವ ಶಕ್ತಿ ಇಲ್ಲ. ಅದರ ಪ್ಲಾಸ್ಟಿಕ್ ಫಿಲ್ಟರಿಗೆ ದೊಡ್ಡ ಪಂಪಿನ ಒತ್ತಡ ತಾಳುವುದೂ ಇಲ್ಲ. ಚಾಪೆಯನ್ನು ಕೊಳದ ಪಕ್ಕದ ಇಳಿಜಾರಿನಲ್ಲಿ, ದಕ್ಷಿಣಕ್ಕೆ ಮುಖ ಮಾಡಿ, ಸುಮಾರು 25 ಡಿಗ್ರಿ ಓರೆಯಾಗಿ ಇಟ್ಟರೆ ಚಳಿಗಾಲದ ಬಿಸಿಲು ಚೆನ್ನಾಗಿ ಸಿಗುತ್ತದೆ.

‘ಹಾಗಾದರೆ ಕೊಳವನ್ನೇ ತಾರಸಿಗೆ ಏರಿಸಿದರೆ?’ ದಯವಿಟ್ಟು ಬೇಡ. ಎರಡು ಅಡಿ ನೀರು ಒಂದು ಚದರ ಮೀಟರಿನ ಮೇಲೆ ಹೊರಿಸುವ ಭಾರ 600 ಕಿಲೋಗಿಂತ ಹೆಚ್ಚು. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875 ಹಿಡಿಯುವ ಭಾರ ಸುಮಾರು 150 ಕಿಲೋ. ನಾಲ್ಕು ಪಟ್ಟು! ಮೇಸ್ತ್ರಿ ‘ಏನೂ ಆಗುವುದಿಲ್ಲ ಕಾಕ’ ಅಂದರೂ ಇಂಜಿನಿಯರ್ ಲೆಕ್ಕ ಹಾಕಿ ಕೊಡದೆ ಏರಿಸಬೇಡಿ. ಕೆಳಗೆ ಮಲಗುವವರು ನಮ್ಮವರೇ.

ಕರೆಂಟಿನ ವಿಷಯವೂ ಹಾಗೆಯೇ. ಸಂಪಿನ ಸಬ್‌ಮರ್ಸಿಬಲ್ ಪಂಪನ್ನು ಕೊಳದೊಳಗೆ ಇಳಿಬಿಟ್ಟು ಮಕ್ಕಳನ್ನೂ ಇಳಿಸುವುದು ಸಾವಿನ ಜೊತೆ ಆಟ. ಪಂಪು ಕೊಳದಿಂದ ದೂರ, ಮಳೆ ತಾಗದ ಕಡೆ ಇರಲಿ. ಲೈನಿಗೆ ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಎಕ್ಸ್‌ಟೆನ್ಶನ್ ಬಾಕ್ಸು ಹುಲ್ಲಿನ ಮೇಲೆ ಬಿದ್ದಿರಬಾರದು.

ಗಲ್ಫಿನಲ್ಲಿ ಶಾಲೆಗೆ ರಜೆ ಸಿಗುವುದು ಜುಲೈ, ಆಗಸ್ಟಿನಲ್ಲಿ. ಮೊಮ್ಮಕ್ಕಳು ಬರುತ್ತಾರೆಂದು ಆಗಲೇ ಕೊಳ, ಚಾಪೆ ಎಲ್ಲ ಸಿದ್ಧ ಮಾಡುವವರಿಗೆ ಒಂದು ಮಾತು: ಘಟ್ಟದ ಆ ಮಳೆಯಲ್ಲಿ ಬಿಸಿಲೇ ಇಲ್ಲದ ಮೇಲೆ ಚಾಪೆ ಎಲ್ಲಿಂದ ಕೊಡಬೇಕು? ಮೇ ಕೊನೆಗೆ ಚಾಪೆಯ ನೀರು ಪೂರ್ತಿ ಬಸಿದು, ಪೈಪಿನ ಬಾಯಿಗಳಿಗೆ ಇಲಿ ಹೋಗದಂತೆ ಬಟ್ಟೆ ಕಟ್ಟಿ, ಸುರುಳಿ ಮಾಡಿ ಶೆಡ್ಡಿಗೆ ಸೇರಿಸಿ. ದಸರಾ ಕಳೆದು ಮೋಡ ಸರಿದ ಮೇಲೆ ಮತ್ತೆ ಹಾಸಬಹುದು.