ಕಾಣದ ಅಂಗಡಿಯಿಂದ ಹಣ ಮರಳಿ ಪಡೆಯುವ ಬಗೆ

ಒಂದು ಕಾಲದಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಗೃಹಸ್ಥನೊಬ್ಬನು ರೇಡಿಯೋ ಕೊಳ್ಳಬೇಕಾದರೆ, ಕಬ್ಬಿನ ಹಣ ಕೈಸೇರಿದ ಮೇಲೆ ಮಂಡ್ಯಕ್ಕೋ ಮೈಸೂರಿಗೋ ಹೋಗಿ, ಪರಿಚಯದ ಅಂಗಡಿಯಲ್ಲಿ ಕುಳಿತು, ಹಾಡು ಹಾಕಿಸಿ ಪರೀಕ್ಷಿಸಿ, ರಸೀದಿಯೊಡನೆ ಮನೆಗೆ ತರುತ್ತಿದ್ದನು. ಅದು ಕೆಟ್ಟರೆ ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದನು. ಅಂಗಡಿಯವನ ಮುಖವೇ ಆ ವ್ಯಾಪಾರದ ಖಾತರಿಪತ್ರವಾಗಿತ್ತು. ಇಂದು ಮದ್ದೂರು, ಮಳವಳ್ಳಿಗಳ ಸಣ್ಣ ಹಳ್ಳಿಯಲ್ಲಿಯೂ ಮೊಬೈಲು, ದೂರದರ್ಶನ, ಲ್ಯಾಪ್‌ಟಾಪುಗಳು ಅಂತರ್ಜಾಲದ ಅಂಗಡಿಯಿಂದ ಮನೆಬಾಗಿಲಿಗೇ ಬರುತ್ತಿವೆ. ಇದರಿಂದಾಗಿರುವ ಅನುಕೂಲ ನಿರ್ವಿವಾದವಾದುದು. ಆದರೆ ಕೊಂಡ ವಸ್ತು ಕೆಟ್ಟಾಗ ಹತ್ತಲು ಮೆಟ್ಟಿಲೂ ಇಲ್ಲ, ಕೇಳಲು ಮುಖವೂ ಇಲ್ಲ. ಇಂಥ ಸಂದರ್ಭದಲ್ಲಿ ಕೊಟ್ಟ ಹಣವನ್ನು ಮರಳಿ ಪಡೆಯುವ ಬಗೆ ಯಾವುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯವನ್ನು ನಾನು ಪುಸ್ತಕದಿಂದ ಕಲಿತವನಲ್ಲ. 2024ರ ಜೂನ್ ತಿಂಗಳಲ್ಲಿ ಮಗಳ ಕಾಲೇಜು ವ್ಯಾಸಂಗಕ್ಕೆಂದು 31,990 ರೂಪಾಯಿ ತೆತ್ತು ಲ್ಯಾಪ್‌ಟಾಪೊಂದನ್ನು ತರಿಸಿದೆನು. ಮೂರನೆಯ ದಿನವೇ ಅದರ ಪರದೆ ಕಪ್ಪಾಯಿತು. ಮಾರಾಟಗಾರರು ಹಿಂದಕ್ಕೆ ಪಡೆಯಲು ಒಪ್ಪಿದರು. ಕೊರಿಯರ್ ಹುಡುಗನು ಬಂದು ಪೆಟ್ಟಿಗೆಯನ್ನು ಒಯ್ದನು. ಅವನಿಂದ ಒಂದು ಚೀಟಿಯನ್ನೂ ನಾನು ಪಡೆಯಲಿಲ್ಲ. ಹತ್ತು ದಿನಗಳ ಮೇಲೆ ‘ಹಣ ಮರಳಿಸಲಾಗಿದೆ’ ಎಂಬ ಸಂದೇಶ ಬಂದಿತು, ಹಣ ಮಾತ್ರ ಬರಲಿಲ್ಲ. ದೂರವಾಣಿಯಲ್ಲಿ ಪ್ರತಿ ಸಲವೂ ಹೊಸ ಧ್ವನಿ, ಪ್ರತಿ ಸಲವೂ ‘ಇನ್ನೆರಡು ದಿನ ಕಾಯಿರಿ’ ಎಂಬ ಅದೇ ಉತ್ತರ. ಕೊನೆಗೆ ತಿಳಿದುಬಂದುದೇನೆಂದರೆ, ಹಣವನ್ನು ಅವರು ನನ್ನ ಬ್ಯಾಂಕಿಗೆ ಕಳುಹಿಸದೆ, ತಮ್ಮಲ್ಲಿಯೇ ಮತ್ತೆ ಖರೀದಿಸಲು ಮಾತ್ರ ಉಪಯೋಗವಾಗುವ ಕೂಪನ್ ರೂಪದಲ್ಲಿ ಇಟ್ಟಿದ್ದರು. ಅಷ್ಟರಲ್ಲಿ ಕಾಲೇಜು ಆರಂಭವಾಗಿ, ಮಗಳು ಗೆಳತಿಯ ಯಂತ್ರವನ್ನು ಎರವಲು ಪಡೆದು ಓದುತ್ತಿದ್ದಳು. ನೆರೆಮನೆಯ ರೈತರೊಬ್ಬರು, “ಏನ್ ಮೇಷ್ಟ್ರೇ, ನೀವೇ ಹಿಂಗೆ ಯಾಮಾರುದ್ರೆ ನಮ್ಮ ಗತಿ ಏನು?” ಎಂದರು. ಹಣ ಹೋದುದಕ್ಕಿಂತಲೂ ಆ ಮಾತು ಹೆಚ್ಚು ನೋಯಿಸಿತು. ಕಾನೂನನ್ನು ಓದಲು ಕುಳಿತುದು ಅಂದೇ.

ಅಂತರ್ಜಾಲದ ಅಂಗಡಿಗಳ ಸ್ವರೂಪವನ್ನು ಮೊದಲು ತಿಳಿಯಬೇಕು. ಇವುಗಳಲ್ಲಿ ಎರಡು ಬಗೆ. ತಾನೇ ಸರಕನ್ನು ದಾಸ್ತಾನಿಟ್ಟು ಮಾರುವುದು ಒಂದು. ಬೇರೆ ಬೇರೆ ವರ್ತಕರಿಗೆ ಸ್ಥಳವನ್ನಷ್ಟೇ ಒದಗಿಸುವುದು ಇನ್ನೊಂದು. ಎರಡನೆಯದು ನಮ್ಮ ವಾರದ ಸಂತೆಯಂತೆ: ಸಂತೆಮಾಳ ಒಬ್ಬರದು, ಅಲ್ಲಿ ಅಂಗಡಿ ಹೂಡಿದವನು ಮತ್ತೊಬ್ಬ. ತೊಂದರೆ ಬಂದಾಗ ಮಾಳದವರು ‘ಮಾರಿದವರನ್ನು ಕೇಳಿ’ ಎನ್ನುವುದು, ಮಾರಿದವರು ‘ಹಣ ಮಾಳದವರ ಬಳಿ ಇದೆ’ ಎನ್ನುವುದು ಸಾಮಾನ್ಯ. ಗ್ರಾಹಕನು ಇವರಿಬ್ಬರ ನಡುವೆ ಅಲೆಯುತ್ತಾನೆ. ಈ ಅಲೆದಾಟವನ್ನು ತಪ್ಪಿಸುವುದಕ್ಕಾಗಿಯೇ 2020ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಇಂತಹ ಪ್ರತಿಯೊಂದು ಸಂಸ್ಥೆಯೂ ದೂರು ಪರಿಹಾರ ಅಧಿಕಾರಿಯೊಬ್ಬರನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕವನ್ನು ಪ್ರಕಟಿಸತಕ್ಕದ್ದು. ದೂರು ತಲುಪಿದುದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ವಸ್ತುವು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಗಳಿಲ್ಲದಿದ್ದರೆ, ಅದನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದಾಗಲಿ ಹಣ ಮರಳಿಸುವುದಿಲ್ಲವೆಂದಾಗಲಿ ಮಾರಾಟಗಾರನು ಹೇಳುವಂತಿಲ್ಲ.

ಈ ನಿಯಮಗಳಿಗೆ ಮೂಲವಾದುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. 1986ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಇದು 2020ರ ಜುಲೈನಿಂದ ಜಾರಿಯಲ್ಲಿದೆ. ದೋಷವುಳ್ಳ ವಸ್ತುವನ್ನು ಹಿಂದಕ್ಕೆ ಪಡೆದು, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹಾಗೆ ಅವಧಿಯನ್ನು ಹೇಳದಿದ್ದಲ್ಲಿ 30 ದಿನಗಳೊಳಗೆ, ಹಣ ಮರಳಿಸಲು ನಿರಾಕರಿಸುವುದನ್ನು ಈ ಕಾಯಿದೆ ‘ಅನುಚಿತ ವ್ಯಾಪಾರ ಪದ್ಧತಿ’ ಎಂದು ಹೆಸರಿಸಿದೆ. ಎಂದಮೇಲೆ ಹಣ ಮರಳಿಸುವುದು ವರ್ತಕನು ತೋರುವ ಕೃಪೆಯಲ್ಲ, ಅದು ಗ್ರಾಹಕನ ಹಕ್ಕು.

ನಮ್ಮಂತಹ ಊರುಗಳವರಿಗೆ ಈ ಕಾಯಿದೆಯಿಂದಾದ ಅತಿ ದೊಡ್ಡ ಉಪಕಾರ ಬೇರೆಯೇ ಇದೆ. ಹಳೆಯ ಕಾಯಿದೆಯಲ್ಲಿ ಎದುರು ಪಕ್ಷದವರು ಇರುವ ಅಥವಾ ವ್ಯವಹಾರ ನಡೆಸುವ ಸ್ಥಳದಲ್ಲಿ, ಇಲ್ಲವೆ ವ್ಯಾಜ್ಯದ ಕಾರಣ ಹುಟ್ಟಿದ ಸ್ಥಳದಲ್ಲಿ ದೂರು ಕೊಡಬೇಕಾಗಿತ್ತು. ದೂರದ ನಗರದ ಕಂಪನಿಯ ಮೇಲೆ ಎಲ್ಲಿ ದೂರು ಕೊಡಬೇಕೆಂಬುದೇ ಒಂದು ವಾದವಾಗುತ್ತಿತ್ತು. ಈಗ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಅಂದರೆ ಮಳವಳ್ಳಿಯ ರೇಷ್ಮೆ ಬೆಳೆಗಾರನೂ ಮದ್ದೂರಿನ ವಡೆ ಅಂಗಡಿಯ ಕೆಲಸಗಾರನೂ ದೆಹಲಿಗೋ ಮುಂಬಯಿಗೋ ಅಲೆಯಬೇಕಾಗಿಲ್ಲ. ಮಂಡ್ಯದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಬಾಗಿಲಿಗೆ ಬಂದರೆ ಸಾಕು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ವ್ಯವಹಾರಗಳೆಲ್ಲ ಜಿಲ್ಲಾ ಆಯೋಗದ ವ್ಯಾಪ್ತಿಗೆ ಸೇರಿವೆ. 5 ಲಕ್ಷದವರೆಗಿನದಕ್ಕೆ ಶುಲ್ಕವೇ ಇಲ್ಲ. ವಕೀಲರಿಲ್ಲದೆ ತಾನೇ ನಿಂತು ವಾದಿಸಬಹುದು. ಕುಳಿತಲ್ಲಿಂದಲೇ ಅಂತರ್ಜಾಲದ ಮೂಲಕವೂ ದೂರು ಸಲ್ಲಿಸಬಹುದು. ಆದರೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕೆಂಬುದನ್ನು ಮರೆಯಬಾರದು.

ಇವೆಲ್ಲ ಕಾಗದದ ಮೇಲಿನ ಮಾತುಗಳೇ ಎಂದು ಶಂಕಿಸುವವರಿಗೆ ನಮ್ಮ ರಾಜ್ಯದ ನಿದರ್ಶನವೊಂದಿದೆ. ಬೆಂಗಳೂರಿನ ಮಹಿಳೆಯೊಬ್ಬರು 2022ರ ಜನವರಿಯಲ್ಲಿ ಫ್ಲಿಪ್‌ಕಾರ್ಟ್ ಮೂಲಕ 12,499 ರೂಪಾಯಿಯ ಮೊಬೈಲಿಗೆ ಹಣ ತೆತ್ತಿದ್ದರು. ಮೊಬೈಲು ಕೈಸೇರಲೇ ಇಲ್ಲ. ಬೆಂಗಳೂರು ನಗರ ಜಿಲ್ಲಾ ಗ್ರಾಹಕ ಆಯೋಗವು ಆ ಹಣವನ್ನು ಶೇಕಡ 12ರ ವಾರ್ಷಿಕ ಬಡ್ಡಿಯೊಡನೆ ಮರಳಿಸುವಂತೆಯೂ, ಅದಲ್ಲದೆ 20,000 ರೂಪಾಯಿ ದಂಡವನ್ನೂ 10,000 ರೂಪಾಯಿ ವ್ಯಾಜ್ಯದ ಖರ್ಚನ್ನೂ ಕೊಡುವಂತೆಯೂ ಆದೇಶಿಸಿತು. ಈ ಸುದ್ದಿ 2023ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಸಂತೆಮಾಳದವರೂ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಆಯೋಗದ ಮುಂದೆ ಹೋದವನ ಕೈಯಲ್ಲಿ ಇರಬೇಕಾದುದು ಕೋಪವಲ್ಲ, ದಾಖಲೆ. ಮುಖಪರಿಚಯವಿದ್ದ ಸ್ಥಳದಲ್ಲಿ ಈಗ ದಾಖಲೆ ಬಂದು ಕುಳಿತಿದೆ. ಆದುದರಿಂದ ಬಿಲ್ಲನ್ನೂ ಮಾರಾಟಗಾರನ ಹೆಸರು ವಿಳಾಸಗಳನ್ನೂ ಅಂದೇ ತೆಗೆದಿಡಬೇಕು. ಪೆಟ್ಟಿಗೆಯನ್ನು ತೆರೆಯುವಾಗ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುವುದು ಲೇಸು. ಹಿಂದಿರುಗಿಸುವಾಗ ವಸ್ತುವಿನ ಕ್ರಮಸಂಖ್ಯೆ ಕಾಣುವಂತೆ ಛಾಯಾಚಿತ್ರ ತೆಗೆದು, ಒಯ್ಯುವವನಿಂದ ಸ್ವೀಕೃತಿ ಪಡೆಯಲೇಬೇಕು. ದೂರವಾಣಿಯಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ಬರೆದ ದೂರು ಉಳಿಯುತ್ತದೆ. ಹಣ ಕಳುಹಿಸಿದ್ದೇವೆ ಎಂದು ಅವರು ಹೇಳಿದರೆ ಆ ವ್ಯವಹಾರದ ಉಲ್ಲೇಖ ಸಂಖ್ಯೆಯನ್ನು ಕೇಳಿ ಬರೆಸಿಕೊಳ್ಳಬೇಕು. ಆ ಸಂಖ್ಯೆಯಿಂದ ಬ್ಯಾಂಕಿನವರು ಹಣ ಎಲ್ಲಿದೆ ಎಂಬುದನ್ನು ಹುಡುಕಬಲ್ಲರು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಖಾತೆಯಿಂದ ಹಣ ಕಡಿತವಾಗಿಯೂ ಅಂಗಡಿಗೆ ತಲುಪದಿರುವುದು ಬೇರೆ ಸಂಗತಿ. ಯು.ಪಿ.ಐ. ಮೂಲಕ ಅಂಗಡಿಗೆ ಹಣ ತೆರುವಾಗ ಹೀಗಾದರೆ, 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯಂತೆ ಐದು ದಿನಗಳೊಳಗೆ ಅದು ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಇದಕ್ಕೆ ಬ್ಯಾಂಕನ್ನೇ ಕೇಳತಕ್ಕದ್ದು. ವಸ್ತುವನ್ನು ಹಿಂದಿರುಗಿಸಿದ ಮೇಲಿನ ಹಣಕ್ಕೆ ಮಾರಾಟಗಾರನನ್ನು ಕೇಳತಕ್ಕದ್ದು.

ನನ್ನ ವಿಷಯದಲ್ಲಿ, ದಿನಾಂಕವಾರು ವಿವರಗಳೊಡನೆ ದೂರು ಪರಿಹಾರ ಅಧಿಕಾರಿಗೆ ಪತ್ರ ಬರೆದೆನು. ಉತ್ತರ ಬಾರದಿರಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ದಾಖಲಿಸಿದೆನು. ಮಂಡ್ಯದ ಆಯೋಗಕ್ಕೆ ಹೋಗುವೆನೆಂದು ನೋಟೀಸನ್ನೂ ಕಳುಹಿಸಿದೆನು. 53ನೆಯ ದಿನ ಪೂರ್ತಿ ಹಣ ಬ್ಯಾಂಕಿನ ಖಾತೆಗೆ ಬಂದಿತು. ಮೊದಲ ವಾರವೇ ಈ ಮೆಟ್ಟಿಲುಗಳನ್ನು ಅರಿತಿದ್ದರೆ ಮಗಳು ಎರವಲಿನ ಯಂತ್ರಕ್ಕಾಗಿ ಕಾಯಬೇಕಾಗುತ್ತಿರಲಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಹಣ ಬಾರದೆ ಕಂಗೆಟ್ಟವನನ್ನು ಹಿಡಿಯಲು ಕಳ್ಳರು ಕಾದಿರುತ್ತಾರೆ. ಅಂತರ್ಜಾಲದಲ್ಲಿ ಹುಡುಕಿದಾಗ ಸಿಗುವ ‘ಗ್ರಾಹಕ ಸೇವೆ’ಯ ಸಂಖ್ಯೆಗಳಲ್ಲಿ ಎಷ್ಟೋ ನಕಲಿ. ಹಣ ಪಡೆಯಲು ರಹಸ್ಯ ಸಂಖ್ಯೆಯನ್ನು ಒತ್ತಬೇಕಾಗಿಲ್ಲ, ಯು.ಪಿ.ಐ. ಪಿನ್ ಬೇಕಾಗುವುದು ಹಣ ಕೊಡುವಾಗ. ‘ಮರಳಿಸುತ್ತೇವೆ, ಪಿನ್ ಒತ್ತಿರಿ’ ಎಂದವನು ವಂಚಕನೆಂದೇ ತಿಳಿಯಬೇಕು. ಮೋಸ ಹೋದದ್ದು ತಿಳಿದೊಡನೆ 1930 ಸಂಖ್ಯೆಗೆ ಕರೆಮಾಡಬೇಕು. ಇಲ್ಲಿ ಪ್ರತಿಯೊಂದು ನಿಮಿಷಕ್ಕೂ ಬೆಲೆಯುಂಟು.

ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ದಿನ, ಅದನ್ನು ತಂದಲ್ಲಿಗೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಪ್ರಸಂಗ ನಮ್ಮ ಮಕ್ಕಳಿಗೆಲ್ಲ ತಿಳಿದಿದೆ. ತನ್ನದಲ್ಲದುದನ್ನು ಮರಳಿಸುವುದು ಶರಣರಿಗೆ ಕಾಯಕದ ಶುದ್ಧಿಯ ಮಾತಾಗಿತ್ತು. ವರ್ತಕನಿಗೆ ಆ ಶುದ್ಧಿ ತಾನಾಗಿ ಬಾರದಿದ್ದಲ್ಲಿ, ಅದನ್ನು ಕಾನೂನಿನಿಂದ ನೆನಪಿಸುವುದು ಗ್ರಾಹಕನ ಕರ್ತವ್ಯ. ಅಕ್ಷರ ದಾಸೋಹವೆಂದರೆ ಪಠ್ಯವನ್ನು ಕಲಿಸುವುದಷ್ಟೇ ಅಲ್ಲ. ಅಧ್ಯಾಪಕ ಬಂಧುಗಳು ಮಕ್ಕಳಿಗೆ ಬಿಲ್ಲನ್ನು ಓದಲು, ದೂರನ್ನು ಬರೆಯಲು ಕಲಿಸಲಿ. ವಕೀಲ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಶಾಲೆಗೆ ಬಂದು ಪೋಷಕರ ಸಂದೇಹಗಳನ್ನು ನಿವಾರಿಸಲಿ. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ನನ್ನ ನೆರೆಯ ರೈತಬಂಧುವಿನ ಪ್ರಶ್ನೆಗೆ ನಮ್ಮ ಶಾಲೆ ಕೊಡಬಹುದಾದ ಉತ್ತರ ಇದೇ ಎಂದು ನಂಬಿದ್ದೇನೆ.