ಹಂಡೆಯ ಬಿಸಿನೀರು, ಬಳಪದ ಕಲ್ಲು, ಭದ್ರೆಯ ತೀರ್ಥ

ಪರೀಕ್ಷೆ ಮುಗಿದ ಮೇಲೆ ಬರುವ ಮೊದಲ ಶನಿವಾರ ಅನೇಕ ಮನೆಗಳಲ್ಲಿ ಸಣ್ಣದೊಂದು ಜಟಾಪಟಿ ನಡೆಯುತ್ತದೆ. ಅಮ್ಮನಿಗೆ ದೇವಸ್ಥಾನ ನೋಡಬೇಕು, ಅಪ್ಪನಿಗೆ ಮೈಕೈ ನೋವು ಇಳಿಯುವಂಥ ವಿಶ್ರಾಂತಿ ಬೇಕು, ಮಕ್ಕಳಿಗೆ ನೀರಾಟ ಬೇಕು. ಕೈಯಲ್ಲಿರುವುದು ಎರಡೇ ದಿನ.

ಯುರೋಪಿನವರು ಈ ಮೂರನ್ನೂ ಒಂದೇ ಊರಿನಲ್ಲಿ ಒದಗಿಸಿಕೊಂಡು ಬಹಳ ಕಾಲವಾಯಿತು. ಇಂಗ್ಲೆಂಡಿನ ಬಾತ್ ನಗರದಲ್ಲಿ ಸುಮಾರು 46 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ನೆಲದಿಂದ ಉಕ್ಕುತ್ತದೆ. ಅದಕ್ಕೆ ರೋಮನ್ನರು ಕಟ್ಟಿದ ಸ್ನಾನಗೃಹ ಇಂದಿಗೂ ನೋಡಲು ಸಿಗುತ್ತದೆ. ಜೆಕ್ ದೇಶದ ಕಾರ್ಲೋವಿ ವಾರಿಯಲ್ಲಿ ಬಿಸಿನೀರಿನ ಬುಗ್ಗೆಗಳೂ ಇವೆ, ಹೆಸರಾಂತ ಚಲನಚಿತ್ರೋತ್ಸವವೂ ಇದೆ. ಇಂಥ ಹನ್ನೊಂದು ಸ್ನಾನದ ಊರುಗಳನ್ನು ಯುನೆಸ್ಕೊ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಬೆಳಿಗ್ಗೆ ಸ್ನಾನ, ಮಧ್ಯಾಹ್ನ ಚಿತ್ರಶಾಲೆ, ಸಂಜೆ ಸಂಗೀತ.

ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಬೆಟ್ಟಗಳಲ್ಲಿ ಇದು ಸಾಧ್ಯವೇ? ಕಲೆ ಇದೆ, ನೀರಂತೂ ಬೇಕಾದಷ್ಟಿದೆ. ಹೆಸರು ಮಾಡಿದ ಬಿಸಿನೀರಿನ ಬುಗ್ಗೆ ಮಾತ್ರ ಇಲ್ಲ. ಮಾಣಿಕ್ಯಧಾರೆಯಾಗಲಿ ಕಲ್ಲತ್ತಿಗಿರಿಯಾಗಲಿ, ಮೈಮೇಲೆ ಬಿದ್ದರೆ ಹಲ್ಲು ಕಟಕಟ ಎನ್ನುವ ತಣ್ಣೀರು.

ಬುಗ್ಗೆ ಎಲ್ಲ ಕಡೆ ಏಕೆ ಹುಟ್ಟುವುದಿಲ್ಲ ಎಂಬುದು ಭೂಗೋಳ ಓದುವ ಮಕ್ಕಳಿಗೆ ಒಳ್ಳೆಯ ಪ್ರಶ್ನೆ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿಯಷ್ಟು ಬಿಸಿ ಏರುತ್ತದೆ. ಮಳೆಯ ನೀರು ಬಂಡೆಯ ಆಳವಾದ ಬಿರುಕುಗಳಲ್ಲಿ ಇಳಿದು, ಕಾದು, ತಣಿಯುವ ಮೊದಲೇ ಬೇರೊಂದು ಬಿರುಕಿನಿಂದ ಮೇಲೆ ಬಂದರೆ ಅದು ಬಿಸಿನೀರಿನ ಬುಗ್ಗೆ. ಇಳಿಯುವ ದಾರಿ ಮಾತ್ರ ಇದ್ದರೆ ಸಾಲದು, ಬೇಗ ಏರುವ ದಾರಿಯೂ ಇರಬೇಕು. ಮಹಾರಾಷ್ಟ್ರದ ಕೊಂಕಣ ಪಟ್ಟಿಯಲ್ಲಿ ವಜ್ರೇಶ್ವರಿ, ಗಣೇಶಪುರಿ, ಉನ್ಹವರೆ ಹೀಗೆ ಸಾಲುಸಾಲಾಗಿ ಬುಗ್ಗೆಗಳಿರುವುದು ಅಂಥ ದಾರಿಗಳಿಂದಾಗಿಯೇ.

ಹಟ ಹಿಡಿದವರು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು, ಉಜಿರೆ ದಾಟಿ, ಪುತ್ತೂರು ತಾಲ್ಲೂಕಿನ ಇರ್ದೆಗೆ ಹೋಗಬಹುದು. ಅಲ್ಲಿ ಸೀರೆ ಹೊಳೆಯ ದಂಡೆಯಲ್ಲಿ ಬೆಂದ್ರು ತೀರ್ಥವಿದೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರೇ. ಆದರೆ ಬಾತ್ ನಗರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಸೆ ಖಂಡಿತ. ಅದೊಂದು ಪುಟ್ಟ ಕೊಳ, ಅಷ್ಟೆ. ಎರಡು ದಿನದ ಪ್ರವಾಸದಲ್ಲಿ ಅಷ್ಟು ದೂರ ಇಳಿದು ಮತ್ತೆ ಹತ್ತುವುದು ಜಾಣತನವಲ್ಲ.

ಬಚ್ಚಲುಮನೆಯೆಂಬ ಬುಗ್ಗೆ

ಮಲೆನಾಡಿನ ಬಿಸಿನೀರು ನೆಲದೊಳಗಿಲ್ಲ, ಬಚ್ಚಲುಮನೆಯಲ್ಲಿದೆ. ಹಳೆಯ ಮನೆಯೊಂದರಲ್ಲಿ ರಾತ್ರಿ ತಂಗುವ ಅವಕಾಶ ಸಿಕ್ಕರೆ ಮೊದಲು ನೋಡಬೇಕಾದದ್ದು ಅದನ್ನೇ. ಒಲೆಯ ಮೇಲೆ ಕೂರಿಸಿದ ದೊಡ್ಡ ತಾಮ್ರದ ಹಂಡೆ, ಕೆಳಗೆ ನಿಧಾನವಾಗಿ ಉರಿಯುವ ಕಾಫಿ ಬೊಡ್ಡೆ, ಹೊಗೆಯಿಂದ ಕಪ್ಪಾದ ಗೋಡೆ. ಮಳೆಗಾಲದಲ್ಲಿ ತೋಟದಿಂದ ನೆನೆದು ಬಂದವರು, ಕಾಲಿಗೆ ಕಚ್ಚಿದ ಇಂಬಳ ಕಿತ್ತೆಸೆದು ನೇರವಾಗಿ ನುಗ್ಗುವುದು ಇಲ್ಲಿಗೇ. ತಲೆಗೆ ಹರಳೆಣ್ಣೆ ತಟ್ಟಿ, ಸೀಗೆಪುಡಿಯೋ ದಾಸವಾಳದ ಸೊಪ್ಪಿನ ಲೋಳೆಯೋ ಹಚ್ಚಿ, ತಂಬಿಗೆಯ ಮೇಲೆ ತಂಬಿಗೆ ಬಿಸಿನೀರು ಸುರಿದುಕೊಂಡು ಹೊರಬಂದರೆ ನಿದ್ದೆ ತಾನಾಗಿ ಕರೆಯುತ್ತದೆ. ರೆಸಾರ್ಟುಗಳು ಇದನ್ನೇ ಬೇರೆ ಹೆಸರಿನಲ್ಲಿ, ಬೇರೆ ದರದಲ್ಲಿ ಕೊಡುತ್ತವೆ.

ಕಲೆಗೂ ಬಿಸಿನೀರಿಗೂ ನಂಟು ಬೇಕೆನ್ನುವವರಿಗೆ ಅದೂ ಇಲ್ಲೇ ಸಿಗುತ್ತದೆ. ದೀಪಾವಳಿಯ ಮೊದಲ ಸಂಜೆ ನೀರು ತುಂಬುವ ಹಬ್ಬ. ಅಂದು ಬಚ್ಚಲು ತೊಳೆದು, ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಅದರ ಮೈಮೇಲೆ ಸುಣ್ಣ, ಕೆಮ್ಮಣ್ಣಿನಿಂದ ಗೆರೆ ಎಳೆದು ಚಿತ್ತಾರ ಬಿಡಿಸುತ್ತಾರೆ. ಕುತ್ತಿಗೆಗೆ ಹಿಂಡಲೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ, ನಸುಕಿನಲ್ಲಿ ಎಣ್ಣೆಸ್ನಾನ. ಒಂದೆರಡು ದಿನದಲ್ಲಿ ಅಳಿಸಿಹೋಗುವ ಈ ಚಿತ್ರಗಳಿಗೆ ಯಾವ ಮ್ಯೂಸಿಯಮ್ಮಿನಲ್ಲೂ ಜಾಗವಿಲ್ಲ. ಸೋಲಾರ್ ಹೀಟರು, ಗ್ಯಾಸ್ ಗೀಸರುಗಳು ಬಂದ ಮೇಲೆ ಹಂಡೆಗಳೇ ಅಟ್ಟ ಸೇರುತ್ತಿವೆ. ಅಜ್ಜಿಯ ಮನೆಯಲ್ಲಿ ಹಂಡೆ ಉಳಿದಿದ್ದರೆ ಮಕ್ಕಳು ಈ ವರ್ಷವೇ ಆ ಗೆರೆಗಳನ್ನು ಎಳೆಯಲು ಕಲಿಯುವುದು ಒಳ್ಳೆಯದು.

ಶನಿವಾರ: ಕಲ್ಲು

ಚಿಕ್ಕಮಗಳೂರಿಗೆ ಬಂದವರೆಲ್ಲ ಮುಳ್ಳಯ್ಯನಗಿರಿಗೆ ನುಗ್ಗುತ್ತಾರೆ. ವಾರಾಂತ್ಯದ ಸಾಲುಗಟ್ಟಿದ ಕಾರುಗಳನ್ನು ತಡೆಯಲು ಜಿಲ್ಲಾಡಳಿತ 2025ರಲ್ಲಿ ಮುಂಗಡ ನೋಂದಣಿಯನ್ನೇ ತರಬೇಕಾಯಿತು. ಆ ಗದ್ದಲ ಬಿಟ್ಟು ಊರಿಗೆ ಅಂಟಿಕೊಂಡಿರುವ ಹಿರೇಮಗಳೂರಿನ ಕೋದಂಡರಾಮನಲ್ಲಿಗೆ ಹೋದರೆ ಕನ್ನಡದಲ್ಲೇ ನಡೆಯುವ ಪೂಜೆ ಕೇಳಬಹುದು. ಇಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ. ಮಕ್ಕಳು ತಾವಾಗಿ ಇದನ್ನು ಕಂಡುಹಿಡಿಯುತ್ತಾರೋ ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು ನೋಡಬೇಕು.

ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಬೆಳವಾಡಿಯೇ ಈ ದಿನದ ಮುಖ್ಯ ಊಟ. ಹೊಯ್ಸಳರ ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಬೆಳವಾಡಿ ಸೇರಲಿಲ್ಲ. ಅದರಿಂದ ಒಂದು ಲಾಭವೂ ಆಗಿದೆ: ಇಲ್ಲಿ ಇನ್ನೂ ನಿಶ್ಶಬ್ದವಾಗಿ ಕೂರಲು ಜಾಗ ಸಿಗುತ್ತದೆ. ಇಮ್ಮಡಿ ವೀರಬಲ್ಲಾಳನ ಕಾಲದ ಈ ತ್ರಿಕೂಟದಲ್ಲಿ ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹರ ಮೂರು ಗುಡಿಗಳು. ವೀರನಾರಾಯಣನ ಗುಡಿ ಮೊದಲಿನದು. ಉಳಿದೆರಡು ನಂತರ ಕೂಡಿಸಿದವು. ಎರಡರ ಕೆತ್ತನೆಗೂ ಮೊದಲಿನದಕ್ಕೂ ಇರುವ ವ್ಯತ್ಯಾಸ ಹೊರಗೋಡೆ ಸುತ್ತಿದರೆ ಕಣ್ಣಿಗೇ ಬೀಳುತ್ತದೆ.

ಮಂಟಪದ ಕಂಬಗಳು ನೂರಕ್ಕೂ ಹೆಚ್ಚು. ಕನ್ನಡಿಯಂತೆ ನುಣುಪಾದ ಇವುಗಳನ್ನು ಕಡೆದು ಮಾಡಿದ್ದು. ಮರದ ಬುಗುರಿಯನ್ನು ಕಡೆಯುವಂತೆಯೇ ಕಲ್ಲನ್ನು ತಿರುಗಿಸಿ ತಿದ್ದಿದ ಉಂಗುರದ ಗೆರೆಗಳು ಮೇಲಿನಿಂದ ಕೆಳಗಿನವರೆಗೂ ಇವೆ. ಇಷ್ಟು ನಾಜೂಕು ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುವುದು ಅದರ ಗುಣ. ಒಂದು ನೋಟ್‌ಬುಕ್ಕು, ಪೆನ್ಸಿಲು ಒಯ್ದು ಒಂದೇ ಒಂದು ಕಂಬದ ಅಂಚನ್ನು ಬರೆಯಲು ಕೂತ ಹುಡುಗಿ ನೂರು ಫೋಟೋ ತೆಗೆದವನಿಗಿಂತ ಹೆಚ್ಚು ನೋಡಿರುತ್ತಾಳೆ.

ಹಳೇಬೀಡು, ಬೇಲೂರು ದಾರಿಯಲ್ಲೇ ಸಿಗುತ್ತವೆ. ಎರಡನ್ನೂ ಅದೇ ದಿನ ಮುಗಿಸುವ ಆಸೆ ಬಿಡಬೇಕು. ಅವು ಓಡುತ್ತ ನೋಡುವ ಗುಡಿಗಳಲ್ಲ. ಬದಲಿಗೆ ಮೂಡಿಗೆರೆ ತಾಲ್ಲೂಕಿನ ಅಂಗಡಿಗೆ ಸರಿಯಬಹುದು. ಶಾಸನಗಳ ಸೊಸೆವೂರು ಇದೇ. ಸಳನು ಹುಲಿಯನ್ನು ಹೊಯ್ದ ಕತೆಯನ್ನು ಪಠ್ಯಪುಸ್ತಕದಲ್ಲಿ ಓದಿದ ಮಕ್ಕಳಿಗೆ ಆ ರಾಜಮನೆತನ ಹೊರಟದ್ದು ಕಾಫಿ ತೋಟಗಳ ನಡುವಿನ ಇಷ್ಟು ಪುಟ್ಟ ಊರಿನಿಂದ ಎಂದು ನಂಬಲು ಕಷ್ಟವಾದೀತು. ವಾಸಂತಿಕಾ ದೇವಿಯ ಗುಡಿ, ಹಳೆಯ ಜೈನ ಬಸದಿಗಳು ಅಲ್ಲಿವೆ. ರಾತ್ರಿ ಮೂಡಿಗೆರೆಯ ಆಸುಪಾಸಿನಲ್ಲಿ ತಂಗಿದರೆ ಹಂಡೆಯ ನೀರು ಕಾದಿರುತ್ತದೆ.

ಭಾನುವಾರ: ನೀರು

ಬೆಳಿಗ್ಗೆ ಕೊಟ್ಟಿಗೆಹಾರ. ಮೂಡಿಗೆರೆಯಲ್ಲಿ ತೋಟ ಮಾಡುತ್ತ ಬರೆದ ಪೂರ್ಣಚಂದ್ರ ತೇಜಸ್ವಿಯವರ (1938–2007) ಹೆಸರಿನ ಪ್ರತಿಷ್ಠಾನ ಇಲ್ಲಿದೆ. ‘ಕರ್ವಾಲೊ’ ಓದಿದ ವಿದ್ಯಾರ್ಥಿಗಳಿಗೆ ಸುತ್ತಲಿನ ಕಾಡು ಪರಿಚಿತ ಎನಿಸುತ್ತದೆ. ಓದದವರು ಹೊರಡುವ ಮೊದಲು ಓದಿಕೊಂಡು ಬರಬೇಕು.

ಈ ಬೆಟ್ಟಸಾಲಿನ ಇನ್ನೊಂದು ಸೋಜಿಗ ನೀರಿನ ಹಾದಿ. ಹತ್ತಿರದ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಕಾವೇರಿಗೆ ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಕುದುರೆಮುಖದ ಕಡೆ ಹುಟ್ಟುವ ನೇತ್ರಾವತಿ ಘಟ್ಟದ ಕೆಳಗಿಳಿದು ಅರಬ್ಬೀ ಸಮುದ್ರ ಸೇರುತ್ತದೆ. ಅದೇ ಕಡೆಯ ಭದ್ರೆ ತುಂಗೆಯನ್ನು ಕೂಡಿ ಕೃಷ್ಣೆಗೆ ಹೋಗುತ್ತದೆ.

ಆ ಭದ್ರೆಯ ದಂಡೆಯಲ್ಲೇ ಕಳಸ; ಈಗ ಅದು ಪ್ರತ್ಯೇಕ ತಾಲ್ಲೂಕು. ಮೆಟ್ಟಿಲು ಹತ್ತಿ ಕಳಸೇಶ್ವರನನ್ನು ನೋಡಿದ ಮೇಲೆ ಪಂಚತೀರ್ಥಗಳ ಮಾತು ಬರುತ್ತದೆ: ಕಳಸದ ಸುತ್ತ ಹರಿಯುವ ನದಿಯಲ್ಲಿ ಐದು ಸ್ನಾನದ ಜಾಗಗಳು. ಗುಡಿ ನೋಡು, ನೀರಿನಲ್ಲಿ ಮುಳುಗು ಎಂಬ ಪ್ರವಾಸ ಈ ಊರಿಗೆ ಹೊಸದಲ್ಲ. ಮಧ್ಯಾಹ್ನದ ಊಟಕ್ಕೆ 8 ಕಿಲೋಮೀಟರ್ ಆಚೆಯ ಹೊರನಾಡಿನ ಅನ್ನಪೂರ್ಣೇಶ್ವರಿ ಇದ್ದಾಳೆ. ಬಂದವರಿಗೆಲ್ಲ ಅಲ್ಲಿ ಊಟ.

ಆದರೆ ಈ ನೀರು ಸುಮ್ಮನೆ ಉಳಿದುಕೊಂಡದ್ದಲ್ಲ. ಕಳಸಕ್ಕಿಂತ ಮೇಲೆ ಕುದುರೆಮುಖದಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರಿನ ಗಣಿ ನಡೆಯಿತು. ಮಳೆಗಾಲದಲ್ಲಿ ಗಣಿಯ ಹೂಳು ಕೊಚ್ಚಿಕೊಂಡು ಬಂದು ಭದ್ರೆ ಕೆಂಪಾಗಿ ಹರಿಯುತ್ತಿತ್ತು. ಪರಿಸರಾಸಕ್ತರ ಹೋರಾಟ ಸುಪ್ರೀಂ ಕೋರ್ಟ್ ತಲುಪಿ, ನ್ಯಾಯಾಲಯದ ಆದೇಶದಂತೆ 2005ರ ಕೊನೆಯಲ್ಲಿ ಗಣಿ ನಿಂತಿತು. ಅದಿರು ತೊಳೆದ ಕೆಸರನ್ನು ತಡೆದಿಟ್ಟ ಲಕ್ಯಾ ಅಣೆಕಟ್ಟು ಇಂದಿಗೂ ಬೆಟ್ಟದ ನಡುವೆ ನಿಂತಿದೆ. ಸ್ನಾನಕ್ಕಿಳಿಯುವವರು ಶಾಂಪೂ ಸ್ಯಾಶೆ, ಹಳೇ ಬಟ್ಟೆ ನದಿಗೆ ಎಸೆಯುವುದನ್ನು ಕಂಡಾಗ ಆ ಹೋರಾಟದವರ ನೆನಪಾಗದೆ ಇರದು.

ಕೊನೆಯದಾಗಿ ಅಂಬಾತೀರ್ಥ. ಭದ್ರೆ ಇಲ್ಲಿ ಬಂಡೆಗಳನ್ನು ಕೊರೆದು ಇಕ್ಕಟ್ಟಿನಲ್ಲಿ ನುಗ್ಗುತ್ತಾಳೆ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ಎತ್ತಿಟ್ಟರೆಂಬ ಪ್ರತೀತಿಯ ಹೆಬ್ಬಂಡೆ ಇದೆ. ಹಾಗೆಂದು ಹೇಳುವ ಸಂಸ್ಕೃತ ಬರಹವೂ ಕಲ್ಲಿನ ಮೇಲಿದೆ. ಇಲ್ಲಿ ತಂದೆತಾಯಿಗಳು ಸ್ವಲ್ಪ ಗಟ್ಟಿಯಾಗಿರಬೇಕು. ಮೇಲ್ನೋಟಕ್ಕೆ ನೀರು ಮೊಣಕಾಲಿನಷ್ಟು ಕಂಡರೂ ಬಂಡೆಯ ಕೊರಕಲುಗಳ ಆಳ ಕಾಣುವುದಿಲ್ಲ, ಪಾಚಿಗೆ ಕಾಲು ನಿಲ್ಲುವುದಿಲ್ಲ. ಈಜು ಬರುತ್ತದೆ ಎಂಬ ಕಾಲೇಜು ಹುಡುಗರ ಧೈರ್ಯ ಈಜುಕೊಳದ್ದು. ಹೊಳೆಗೆ ಅದು ಸಾಲದು. ಜೂನ್‌ನಿಂದ ಅಕ್ಟೋಬರ್‌ವರೆಗೆ ದಂಡೆಯಿಂದಲೇ ನೋಡುವುದು. ಡಿಸೆಂಬರ್ ಕಳೆದ ಮೇಲೂ ಸ್ಥಳೀಯರು ತೋರಿಸಿದ ಕಡೆ ಕಾಲು ಇಳಿಬಿಟ್ಟು ಕೂರುವುದು.

ಚಿಕ್ಕಮಗಳೂರಿಗೆ ಬಾಳೆಹೊನ್ನೂರಿನ ಮೇಲೆ ಮರಳುವ ದಾರಿ ಸುಮಾರು 90 ಕಿಲೋಮೀಟರ್. ತಿರುವುಗಳೇ ಹೆಚ್ಚಾದ್ದರಿಂದ ಮೂರು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಮಂಜು ಇಳಿದರೆ ಇನ್ನೂ ತಡ. ನಾಲ್ಕು ಗಂಟೆಗೆ ಮೊದಲೇ ಹೊರಡುವುದು ಕ್ಷೇಮ. ಹಿಂದಿನ ಸೀಟಿನ ಮಕ್ಕಳಿಗೆ ಎರಡು ನಿಂಬೆಹಣ್ಣು, ಒಂದು ಒಣಟವೆಲು ಕೈಗೆ ಸಿಗುವಂತೆ ಇರಲಿ.